ಭಾವನ ಬಿಳಿ ಗುಲಾಬಿ

ಅಂದು ಬೆಳಗಿನ ಜಾವದ ಸೋನೆಮಳೆ ನಿಂತಿತ್ತು. ಮೋಡ ಮಾತ್ರ ಜಾಗ ಬಿಟ್ಟು ಕದಲಿರಲಿಲ್ಲ. ನರ್ಸರಿಯ ಹಿಂಬದಿಯಲ್ಲಿ, ಖಾಲಿ ಕುಂಡಗಳ ರಾಶಿಯ ಮರೆಗೆ ಬಚ್ಚಿಟ್ಟಿದ್ದ ಗಿಡದಲ್ಲಿ ಮೊದಲ ಹೂ ಬಿರಿದಿತ್ತು. ಉದ್ದನೆಯ ಒಂಟಿ ಕಾಂಡದ ತುದಿಗೆ ಅಂಗೈ ತುಂಬುವಂಥ ಬಿಳಿ ಗುಲಾಬಿ. ಎಸಳುಗಳ ಬುಡದಲ್ಲಿ ಮಾತ್ರ ತಿಳಿಹಸಿರಿನ ನೆರಳು. ನರ್ಸರಿಯವಳು ಹಿಗ್ಗಬೇಕಿತ್ತು. ಬದಲಿಗೆ ಯಾರಾದರೂ ನೋಡಿದರೇ ಎಂದು ಸುತ್ತ ಕಣ್ಣಾಡಿಸಿದಳು.

ಹೈಬ್ರಿಡ್ ಟೀ ಎಂಬ ಮಿಶ್ರತಳಿಯ, ಬೇರೆಲ್ಲೂ ಇಲ್ಲದ ಆ ಗುಲಾಬಿಯನ್ನು ಬೀಜದಿಂದ ಎಬ್ಬಿಸಿದವನು ಅವಳ ಭಾವ, ಅಕ್ಕನ ಗಂಡ. ಅವನು ದೇವರ ಪಾದ ಸೇರಿದ ಮೇಲೆ ಅಕ್ಕ ಅದರ ಒಂದು ಕಡ್ಡಿಯನ್ನೂ ಯಾರಿಗೂ ಕೊಟ್ಟವಳಲ್ಲ. "ಮಾರೋಕಂತೂ ಬಿಡಲ್ಲ. ನೀನು ಬೇಕಾದ್ರೆ ಬಂದು ಕಣ್ತುಂಬ ನೋಡ್ಕೊಂಡು ಹೋಗು," ಎಂದು ತಂಗಿಗೂ ಖಡಾಖಂಡಿತವಾಗಿ ಹೇಳಿದ್ದಳು.

ತಂಗಿಯ ಕೈ ಸುಮ್ಮನಿರಬೇಕಲ್ಲ! ಹೋದ ವರ್ಷ ಅಕ್ಕ ಚಹಾ ತರಲು ಒಳಗೆ ಹೋದಾಗ, ಚಾಕು ತೆಗೆದು ಒಂದು ಕಡ್ಡಿ ಕತ್ತರಿಸಿ ಚೀಲಕ್ಕೆ ಸೇರಿಸಿದಳು. ಮನೆಗೆ ಬಂದು, ಅದರ ಎಲೆಬುಡದ ಚಿಗುರುಮೊಗ್ಗನ್ನು ಕಾಡುಗುಲಾಬಿಗೆ ಕಸಿ ಕಟ್ಟುವ ಮುನ್ನ, ವಾಡಿಕೆಯಂತೆ ಅಲಗನ್ನು ಸ್ಪಿರಿಟ್ಟಿನಲ್ಲಿ ಒರೆಸುವಾಗ ಕೈ ತಡೆಯಿತು. ಬೆಳಿಗ್ಗೆ ಅದೇ ಚಾಕುವಿನಿಂದ ಒಣಗುರೋಗದ ಕೊಂಬೆಗಳನ್ನು ಸವರಿದ್ದಳು. ತನ್ನ ಕಸಿಗೆ ಒರೆಸಿದಳು. ಅಕ್ಕನ ಗಿಡ ಕತ್ತರಿಸುವಾಗ ಒರೆಸಿರಲಿಲ್ಲ.

ಆಗಲೇ ಓಡಿಹೋಗಿ, ಗಾಯದ ಕೆಳಗೆ ಕತ್ತರಿಸಿ ಔಷಧಿ ಬಳಿದಿದ್ದರೆ ಗಿಡ ಉಳಿಯುತ್ತಿತ್ತೇನೋ. ಆದರೆ ಬಾಯಿ ಬಿಟ್ಟರೆ ಕಳ್ಳತನ ಹೊರಬೀಳುತ್ತದೆ. ತುಟಿ ಹೊಲಿದುಕೊಂಡಳು. ರೋಗದ ಕಪ್ಪು ಗಾಯದಿಂದ ಇಳಿಯುತ್ತ ಗಿಡದ ಬುಡ ಮುಟ್ಟಿತು.

"ನಾನೇ ಕೊಂದೆ ಕಣೇ, ನೀರು ಜಾಸ್ತಿ ಹಾಕ್ಬಿಟ್ಟೆ," ಎಂದು ಅಕ್ಕ ಬಿಕ್ಕಿದಾಗ ತಂಗಿ ಅವಳ ಬೆನ್ನು ನೇವರಿಸಿದ್ದಳು. ಅಂದಿನಿಂದ ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ದೇವರು ಕಾಣುತ್ತಿರಲಿಲ್ಲ. ಕಾಣುತ್ತಿದ್ದುದು ಆ ಕರಿಕಾಂಡ.

ಅವಳು ಕುಂಡ ಎತ್ತಿಕೊಂಡಳು.

"ಎಲ್ಲಿಗೆ ಹೊರಟಿತು ಸವಾರಿ? ಮಾರೋ ಗಿಡ ಬಿಟ್ಟು, ಯಾರಿಗೂ ತೋರಿಸ್ದೇ ಇರೋದನ್ನ ಹೊತ್ಕೊಂಡು?" ಎಂದ ಗಂಡ.

"ಇದರ ಮನೆಗೆ."

ಅಕ್ಕ ಬಾಗಿಲಲ್ಲೇ ಸಿಕ್ಕಳು. "ಏನಮ್ಮಾ ಮಹಾರಾಣಿ, ಕೊನೆಗೂ ದಾರಿ ನೆನಪಾಯ್ತಾ? ನಾನಿನ್ನೂ..." ಮಾತು ಅಲ್ಲೇ ನಿಂತಿತು. ಹತ್ತಿರ ಬಂದು, ಎಸಳು ಸರಿಸಿ, ಬುಡದ ಹಸಿರನ್ನು ಬೆರಳ ತುದಿಯಿಂದ ಮುಟ್ಟಿದಳು.

"ಇದೆಲ್ಲಿತ್ತೇ?"

"ಕದ್ದಿದ್ದೆ ಅಕ್ಕ. ನೀನು ಚಹಾ ತರೋಕೆ ಹೋದಾಗ. ಅದು ಸತ್ತಿದ್ದು ನೀರಿಂದಲ್ಲ. ನನ್ನ ಚಾಕುವಿಗೆ ರೋಗ ಅಂಟಿತ್ತು. ಗೊತ್ತಿದ್ದೂ ಹೇಳ್ಲಿಲ್ಲ."

ಮಾಡಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅಕ್ಕನ ಮುಖದಲ್ಲಿ ಸಿಟ್ಟೂ ಹುಟ್ಟಲಿಲ್ಲ. ಅದನ್ನೇ ತಂಗಿಗೆ ತಾಳಿಕೊಳ್ಳಲಾಗಲಿಲ್ಲ.

"ಎಷ್ಟು ಸಲ ನಿನ್ನೆದುರಿಗೇ ಅತ್ತೆ ನಾನು," ಎಂದಳು ಅಕ್ಕ.

ಮತ್ತೆ ಬಗ್ಗಿ ಗಿಡದ ಕಾಂಡವನ್ನು ನೋಡಿದಳು.

"ಇದರಿಂದ ಬೇರೆ ಕಸಿ ಕಟ್ಟಿದ್ದೀಯಾ?"

"ಇಲ್ಲ. ದೇವರಾಣೆ."

ಅಕ್ಕ ಒಳಗೆ ಕರೆಯಲಿಲ್ಲ. ಬಾಗಿಲು ಹಾಕಿಕೊಳ್ಳಲೂ ಇಲ್ಲ. ಎರಡೂ ಕೈ ಚಾಚಿದಳು. ತಂಗಿ ಕುಂಡವನ್ನು ಆ ಕೈಗಳ ಮೇಲಿಟ್ಟು, ಭಾರವೆಲ್ಲ ಅತ್ತ ದಾಟುವವರೆಗೆ ಹಿಡಿದುಕೊಂಡಿದ್ದು, ಮೆಲ್ಲನೆ ಬಿಟ್ಟಳು.