ಟ್ರಾಲಿ ಸಿದ್ದಣ್ಣನ ಸಿಟ್ಟು

ಬಾಣಾವರದ ಪೇಟೆಬೀದಿಯಲ್ಲಿ ಎರಡು ಲಾರಿಗಳು ಎದುರುಬದುರಾಗಿ ಹಾಯುವಷ್ಟು ಅಗಲವಿದೆ. ರೇವಣಸಿದ್ದಪ್ಪನವರಿಗೆ ಅದರಲ್ಲಿ ಬೇಕಾಗುವುದು ನಾಲ್ಕು ಬೆರಳಗಲ ಮಾತ್ರ. ಒಂದು ಪಾದದ ನೇರ ಮುಂದಕ್ಕೆ ಇನ್ನೊಂದು ಪಾದವನ್ನಿಟ್ಟು, ಸೊಂಟದ ಮೇಲಿನ ಮೈಯನ್ನು ಒಂದಿಷ್ಟೂ ಅಲುಗಿಸದೆ, ನಮ್ಮ ಕಣ್ಣಿಗೆ ಕಾಣದ ಗೆರೆಯೊಂದರ ಮೇಲಿಂದ ಜಾರಿದರೆ ಕೆಟ್ಟೆ ಎಂಬಂತೆ ನಡೆಯುವ ಅರವತ್ತೆಂಟರ ಈ ಮನುಷ್ಯನನ್ನು ಊರಿಗೆ ಹೊಸಬರು ತಿರುಗಿ ನೋಡುತ್ತಾರೆ, ಕೆಲವರು ನಗುತ್ತಾರೆ. ನಕ್ಕವರು ಬೈಸಿಕೊಳ್ಳುತ್ತಾರೆ. ಬೈಗುಳ ಮುಗಿದ ಮೇಲೆ ಕೊನೆಯಲ್ಲಿ ಒಂದು ಮಾತು ಬಂದೇ ಬರುತ್ತದೆ: "ಬರ್ಕಳಿ ಬೇಕಾರೆ!"

ಅವರು ಮೂವತ್ತಾರು ವರ್ಷ ರೈಲ್ವೆಯಲ್ಲಿ ಟ್ರಾಲಿ ತಳ್ಳಿದವರು. ಊರಿಗೆಲ್ಲ ಟ್ರಾಲಿ ಸಿದ್ದಣ್ಣ. ಈ ಟ್ರಾಲಿಯನ್ನು ನೋಡದವರಿಗೆ ಹೇಳಬೇಕಾದರೆ, ಅದು ಹಳಿಯ ಮೇಲೆ ಓಡುವ ನಾಲ್ಕು ಚಕ್ರದ ಒಂದು ಹಲಗೆ. ಹಲಗೆಯ ಮೇಲೊಂದು ಬೆಂಚು. ಬೆಂಚಿನ ಮೇಲೆ ಹಳಿ ತಪಾಸಣೆಗೆ ಹೊರಟ ಇಂಜಿನಿಯರು. ಅವರ ತಲೆಯ ಮೇಲೊಂದು ಛತ್ರಿ, ಪಕ್ಕದಲ್ಲೊಂದು ಕೆಂಪು ಬಾವುಟ. ಇಂಜಿನ್ನು ಎಂಬುದಿಲ್ಲ. ಬರಿಗಾಲಲ್ಲಿ ಹಳಿಯ ಮೇಲೆಯೇ ಓಡುತ್ತ ತಳ್ಳಿ, ವೇಗ ಬಂದೊಡನೆ ಹಾರಿ ಹಲಗೆಯ ಹಿಂಬದಿಗೆ ಕೂತು, ವೇಗ ಕುಂದಿದೊಡನೆ ಮತ್ತೆ ಧುಮುಕಿ ತಳ್ಳುವ ನಾಲ್ಕು ಜನರೇ ಇಂಜಿನ್ನು. ಕೂತ ಇಂಜಿನಿಯರು ಹಳಿಯನ್ನು ಕಣ್ಣಿನಲ್ಲಿ ನೋಡುತ್ತಿದ್ದರು, ಓಡುವ ರೇವಣಸಿದ್ದಪ್ಪ ಅಂಗಾಲಿನಲ್ಲಿ ನೋಡುತ್ತಿದ್ದರು. "ಸಾರ್, ಈ ಜಾಯಿಂಟು ಕೂತೈತೆ, ಬರ್ಕಳಿ." "ಇಲ್ಲಿ ಕಲ್ಲು ಸಡ್ಲ ಆಗೈತೆ, ಬರ್ಕಳಿ." ಹಾಗೆ ಹುಟ್ಟಿದ ಆ ಪದ, ನಿವೃತ್ತಿಯಾಗಿ ಎಂಟು ವರ್ಷವಾದರೂ ಅವರ ನಾಲಗೆಯಿಂದ ಇಳಿದಿಲ್ಲ.

ಸಿಟ್ಟನ್ನೂ ಅವರು ಆ ಹಳಿಯಿಂದಲೇ ತಂದುಕೊಂಡರು. ಹಳಿಯೊಳಗೆ ಸಣ್ಣದೊಂದು ಕರೆಂಟು ಹರಿಯುತ್ತಿರುತ್ತದಂತೆ; ರೈಲಿನ ಚಕ್ರ ಬಂದು ಎರಡೂ ಹಳಿಯನ್ನು ಮುಟ್ಟಿದೊಡನೆ ಅದು ತಿಳಿದು ಸಿಗ್ನಲ್ಲು ಕೆಂಪಾಗುತ್ತದೆ. ಆದರೆ ಟ್ರಾಲಿಯ ಚಕ್ರಗಳ ನಡುವೆ ಆ ಕರೆಂಟು ಹಾಯಬಾರದೆಂದು ತಡೆ ಇಟ್ಟಿರುತ್ತಾರೆ, ಪ್ರತಿ ಸಲ ಟ್ರಾಲಿ ಹೋದಾಗಲೂ ಸಿಗ್ನಲ್ಲು ಕೆಂಪಾದರೆ ರೈಲುಗಳು ನಿಲ್ಲುತ್ತ ಕೂರಬೇಕಲ್ಲ! ಅಂದರೆ ಐದು ಜನರನ್ನು ಹೊತ್ತ ಗಾಡಿಯೊಂದು ಹಳಿಯ ಮೇಲೆ ಓಡುತ್ತಿರುತ್ತದೆ, ಸಿಗ್ನಲ್ಲಿಗೆ ಅದರ ಸುಳಿವೇ ಇರುವುದಿಲ್ಲ. "ನಾವು ಲೈನ್ ಮೇಲೆ ಇರ್ತಿದ್ವಿ ಕಣಪ್ಪ, ಲೈನಿಗೆ ಗೊತ್ತಿರ್ತಿರ್ಲಿಲ್ಲ," ಎಂದು ಅವರು ನನಗೆ ಹೇಳಿದ್ದರು. ನಾನು ಅವರ ಎದುರುಮನೆಯವನು. ಅವರ ಬೈಗುಳ ಕೇಳಿಯೇ ಬೆಳೆದವನು. ಅವರ ಸಿಟ್ಟಿನ ಹಿಂದೆ ಒಂದು ಗೂಡ್ಸ್ ಗಾಡಿಯ ಸದ್ದಿದೆ ಎಂದು ನನಗೆ ಅವತ್ತು ತಿಳಿಯಿತು.

ಆ ಗೂಡ್ಸ್ ಗಾಡಿಯ ಕಥೆ ಹೀಗೆ. ಅರಸೀಕೆರೆ ಬಿಟ್ಟು ಬಾಣಾವರದ ಕಡೆಗೆ ಬರುತ್ತಿದ್ದ ಮಂಜಿನ ಮುಂಜಾನೆ. ಬೆಂಚಿನ ಮೇಲೆ ಹೊಸದಾಗಿ ಬಂದ ಇಂಜಿನಿಯರು. ಓಡುತ್ತಿದ್ದ ರೇವಣಸಿದ್ದಪ್ಪ ಥಟ್ಟನೆ ನಿಂತು, "ಸಾರ್ ಇಳೀರಿ, ಗಾಡಿ ಬತ್ತೈತೆ," ಎಂದರು. ಇಂಜಿನಿಯರು ಕೈಗಡಿಯಾರ ನೋಡಿಕೊಂಡು, "ಇನ್ನೂ ಅರ್ಧ ಗಂಟೆ ಟೈಮಿದೆಯಲ್ಲೋ, ಟೈಮ್‌ಟೇಬಲ್ ಇಲ್ಲೇ ಇದೆ," ಎಂದರು.

"ಟೈಮ್‌ಟೇಬಲ್ ನಿಮ್ಮ ಕೈಲೈತೆ ಸಾರ್. ಗಾಡಿ ನನ್ನ ಅಂಗಾಲ್ನಲ್ಲೈತೆ."

ಇಷ್ಟು ಹೇಳಿ, ಮಗುವನ್ನು ಎತ್ತುವಂತೆ ಕಂಕುಳಿಗೆ ಕೈಹಾಕಿ ಸಾಹೇಬರನ್ನು ಎತ್ತಿ ಬದಿಯ ಚರಂಡಿಗೆ ಇಳಿಸಿದರು. ಉಳಿದ ಮೂವರು ಟ್ರಾಲಿಯನ್ನು ಹಳಿಯಿಂದ ಎಳೆದು ಕೆಡವಿದರು. ಟೈಮ್‌ಟೇಬಲ್ಲಿನಲ್ಲಿ ಇಲ್ಲದ ಗೂಡ್ಸೊಂದು ಛತ್ರಿಯನ್ನು ಹಾರಿಸಿಕೊಂಡು ಹೋಯಿತು. ಅಲ್ಲಿಂದಾಚೆ ಆ ಇಂಜಿನಿಯರು ಅವರನ್ನು ಏಕವಚನದಲ್ಲಿ ಕರೆದದ್ದಿಲ್ಲ.

ಟ್ರಾಲಿಯವರ ನಡುವೆ ಇನ್ನೊಂದು ಕಟ್ಟುನಿಟ್ಟಿತ್ತು. ಬ್ರೇಕಿನ ಹಿಡಿ ಇರುವುದು ಕೂತವರ ಕೈಯಲ್ಲಿ, ಗಾಡಿ ಇರುವುದು ತಳ್ಳುವವರ ಕೈಯಲ್ಲಿ. ಆದ್ದರಿಂದ ಇಳಿಜಾರು ಬಂದಾಗ ತಳ್ಳುವವನು ಕೇಳಬೇಕು: "ಬಿಡ್ಲಾ ಸಾರ್?" ಕೂತವರು ಹಿಡಿಯ ಮೇಲೆ ಕೈಯಿಟ್ಟು, "ಬಿಡು," ಎನ್ನಬೇಕು. ಆ ಮಾತು ಬರುವ ತನಕ ಕೈ ಬಿಡುವ ಹಾಗಿಲ್ಲ. ಈ ನಿಯಮ ಯಾವ ಪುಸ್ತಕದಲ್ಲಿದೆಯೋ ನಾನರಿಯೆ. ರೇವಣಸಿದ್ದಪ್ಪನವರ ಮೈಯಲ್ಲಂತೂ ಇತ್ತು. ನಿವೃತ್ತರಾದ ಮೇಲೆ ಅದು ಊರಿನ ಎಲ್ಲ ಗಾಲಿಗಳಿಗೂ ಹಬ್ಬಿತು. ಕರಿಬಸವಯ್ಯ ತೆಂಗಿನಕಾಯಿ ತುಂಬಿದ ಟಿಲ್ಲರ್ ಗಾಡಿಯನ್ನು ಗುಡಿಯ ಮುಂದಿನ ಇಳಿಜಾರಿನಲ್ಲಿ ನಿಲ್ಲಿಸಿ ಟೀ ಕುಡಿಯಲು ಹೋದರೆ, ಗ್ಲಾಸು ತುಟಿಗೆ ತಾಗುವುದರೊಳಗೆ ಬೀದಿಯಿಂದ ಗುಡುಗು.

"ಗಾಲಿಗೆ ಕಲ್ಲು ಕೊಟ್ಟಿದ್ದೀಯೇನ್ಲಾ?"

"ಗೇರಲ್ಲಿ ಐತೆ ಕಣ್ ಸಿದ್ದಣ್ಣ."

"ಗೇರು ನಿಮ್ಮಪ್ಪ ಮಾಡಿದ್ದಾ? ಕಲ್ಲು ದೇವ್ರು ಮಾಡಿದ್ದು. ಏಳ್ಲಾ ಮೇಲೆ!"

ಇಂಥವರನ್ನು ಹಳೇಬೀಡಿನ ರೆಸಾರ್ಟಿನವರು ಕೆಲಸಕ್ಕೆ ಕರೆದರು ಎಂದರೆ ನಂಬುವುದು ಕಷ್ಟ. ಹಳೇಬೀಡಿಗೆ ರೈಲೇ ಇಲ್ಲ. ಆದರೆ ದೇಗುಲ ನೋಡಲು ದೇಶವಿದೇಶದವರು ಬರುವುದು ಹೆಚ್ಚಿದಂತೆ, ಊರ ಹೊರಗೆ ಕಮಲದ ಹೊಂಡದ ಪಕ್ಕದಲ್ಲಿ ರೆಸಾರ್ಟು ಕಟ್ಟಿಸಿದ ಇಂದ್ರೇಶ್ ಎಂಬಾತ ಅಲ್ಲಿ ಇನ್ನೂರು ಅಡಿ ಹಳಿ ಹಾಕಿಸಿ, ಯಾವುದೋ ಸಿನಿಮಾದ ಸೆಟ್ಟಿಗೆಂದು ಮಾಡಿಸಿದ್ದ ಟ್ರಾಲಿಯೊಂದನ್ನು ತಂದು ನಿಲ್ಲಿಸಿದ. ಅಲ್ಲಿ ಅತಿಥಿಗಳನ್ನು ಬರಮಾಡಿಕೊಳ್ಳುವ ಕೌಂಟರಿನಲ್ಲಿ ಕೆಲಸಕ್ಕಿದ್ದವಳು ರೇವಣಸಿದ್ದಪ್ಪನವರ ಮೊಮ್ಮಗಳು ಗಾನವಿ. "ನಮ್ಮ ತಾತ ನಿಜವಾಗ್ಲೂ ಟ್ರಾಲಿಮ್ಯಾನ್ ಆಗಿದ್ರು ಸರ್," ಎಂದು ಅವಳೇ ಹೆಮ್ಮೆಯಿಂದ ಹೇಳಿದಳು. ಇಂದ್ರೇಶ್ ಬಾಣಾವರಕ್ಕೆ ಕಾರಿನಲ್ಲಿ ಬಂದು, "ಯಜಮಾನ್ರೇ, ನೀವೇ ಬರ್ಬೇಕು," ಎಂದು ಕೈಮುಗಿದ. ಹಿತ್ತಾಳೆ ಗುಂಡಿಯ ಖಾಕಿ ಕೋಟು ಹೊಲಿಸಿದ, ಕೆಂಪು ರುಮಾಲು ಸುತ್ತಿಸಿದ. ಮೂವತ್ತಾರು ವರ್ಷದ ಸೇವೆಯಲ್ಲಿ ಅಂಥ ಕೋಟನ್ನು ಅವರು ಮೈಮೇಲಿರಲಿ, ಕಣ್ಣಲ್ಲೂ ಕಂಡಿರಲಿಲ್ಲ. ಆದರೂ ತೊಟ್ಟರು. ತಾತ ಮೊಮ್ಮಗಳು ಇಬ್ಬರೂ ಬೆಳಗ್ಗೆ ಜಾವಗಲ್ ಮಾರ್ಗದ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತು ಹೋಗುತ್ತಿದ್ದರು. ಬಸ್ಸಿನಲ್ಲಿ ಅವರು ಯಾರಿಗೂ ಬೈಯದಿದ್ದ ದಿನಗಳು ಅವು.

ಮೊದಲ ದಿನವೇ ಅವರು ಟ್ರಾಲಿಯ ಕೆಳಗೆ ಅಂಗಾತ ಮಲಗಿ ನೋಡಿದರು. ಬ್ರೇಕಿನ ಹಿಡಿ ಇತ್ತು, ಬ್ರೇಕು ಇರಲಿಲ್ಲ. ಕಪ್ಪು ಬಣ್ಣ ಬಳಿದ ಒಂದು ಕಬ್ಬಿಣದ ಕೋಲನ್ನು ಹಲಗೆಗೆ ಸಿಕ್ಕಿಸಿದ್ದರು, ಅಷ್ಟೆ. ಎಳೆದರೆ ಬರುತ್ತಿತ್ತು, ಬಿಟ್ಟರೆ ಹೋಗುತ್ತಿತ್ತು, ಚಕ್ರಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ. ಹಳಿಯಾದರೋ ಮೊದಲರ್ಧ ಮಟ್ಟಸ, ಉಳಿದರ್ಧ ಹೊಂಡದ ಕಡೆಗೆ ಇಳಿಜಾರು, ಕೊನೆಯಲ್ಲಿ ಕಲ್ಲಿನ ಕಟ್ಟೆ.

"ಇದ್ಕೆ ಬ್ರೇಕ್ ಮಾಡ್ಸಿ. ಬರ್ಕಳಿ."

"ಆಯ್ತು ಯಜಮಾನ್ರೇ, ಮಾಡಿಸೋಣ. ಫೋಟೋಲಿ ಯಾರಿಗೂ ಗೊತ್ತಾಗಲ್ಲ ಬಿಡಿ."

ಮೂರು ವಾರ ಕೇಳಿದರು. ಮೂರು ವಾರವೂ ಇಂದ್ರೇಶ್ ನಕ್ಕ. ಅಲ್ಲಿಯವರೆಗೆ ಅವರು ಮಟ್ಟಸ ಜಾಗದಲ್ಲಷ್ಟೇ ಟ್ರಾಲಿ ಓಡಿಸಿ, ಇಳಿಜಾರಿನ ತಲೆಯಲ್ಲಿ ಹಳಿಯ ಮೇಲೊಂದು ದೊಡ್ಡ ಕಲ್ಲಿಟ್ಟು ನಿಲ್ಲಿಸಿಬಿಡುತ್ತಿದ್ದರು. ಹೊಂಡದವರೆಗೂ ಹೋಗಬೇಕೆಂದು ಅತಿಥಿಗಳು ಹಟ ಮಾಡಿದರೆ ಬೈಗುಳ.

ಒಂದು ಭಾನುವಾರ ಬೆಂಗಳೂರಿನ ಕಂಪನಿಯೊಂದರ ಜನ ಮನೆಮಂದಿಯೊಂದಿಗೆ ಬಂದಿಳಿದರು. ಆಕಾಶದಿಂದ ವಿಡಿಯೋ ತೆಗೆಯಲು ಡ್ರೋನ್ ಬಂದಿತ್ತು. ಹಳಿಯ ಮೇಲಿನ ಕಲ್ಲು ಅಂದಗೆಡಿಸುತ್ತದೆಂದು ಯಾರೋ ಅದನ್ನು ಎತ್ತಿ ಹಾಕಿಸಿದರು. ನೀರು ಕುಡಿಯಲು ಹೋಗಿದ್ದ ರೇವಣಸಿದ್ದಪ್ಪ ತಿರುಗಿ ನೋಡುವಾಗ ಐದು ಮಕ್ಕಳು ಬೆಂಚಿನ ಮೇಲೆ ಕಿಲಕಿಲ ನಗುತ್ತಿದ್ದವು, ಇಬ್ಬರು ಮಾಣಿಗಳು ಹಿಂದಿನಿಂದ ತಳ್ಳುತ್ತಿದ್ದರು.

ಗಾನವಿ ಆಮೇಲೆ ನನಗೆ ಇದನ್ನು ಹೇಳುವಾಗ ಪ್ರತಿ ಸಲವೂ ಇಲ್ಲಿಗೆ ಬಂದು ನಿಲ್ಲುತ್ತಾಳೆ. ಅವಳು ತಾತ ಓಡಿದ್ದನ್ನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಚಪ್ಪಲಿ ಕಳಚಿಹೋಯಿತು, ರುಮಾಲು ಬಿಚ್ಚಿಹೋಯಿತು, ಆ ಮುದುಕ ಒಂದೇ ಹಳಿಯ ಮೇಲೆ, ಗಾಳಿಯಲ್ಲಿ ಕಟ್ಟಿದ ದಾರದ ಮೇಲೆ ಓಡಿದಂತೆ, ಒಂದು ಹೆಜ್ಜೆಯೂ ತಪ್ಪದೆ ಓಡಿ ಬಂದು, ಮುಂದಿನ ಚಕ್ರಗಳು ಇಳಿಜಾರಿಗೆ ತಿರುಗುವ ಹೊತ್ತಿಗೆ ಹಲಗೆಯನ್ನು ಹಿಡಿದುಬಿಟ್ಟರು. ಮಾಣಿಗಳ ಕೈಲೇ ಮಕ್ಕಳನ್ನು ಒಂದೊಂದಾಗಿ ಇಳಿಸಿದರು. ಆಮೇಲೆ ತಮ್ಮ ಕೈಚೀಲದಿಂದ ಸರಪಳಿ ತರಿಸಿ ಟ್ರಾಲಿಯನ್ನು ಹಳಿಗೆ ಬಿಗಿದು, ಬೀಗ ಜಡಿದು, ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡು ನಿಂತರು.

ಇಂದ್ರೇಶ್ ಬಂದ. "ಏನ್ರೀ ಇದು ನಾಟಕ? ಗೆಸ್ಟ್ ಮುಂದೆ ನನ್ನ ಮರ್ಯಾದೆ ತೆಗೀತಿದ್ದೀರಾ? ಕೀ ಕೊಡ್ರೀ!"

"ಬ್ರೇಕ್ ಕೊಡಿ, ಕೀ ಕೊಡ್ತೀನಿ."

ಇಂದ್ರೇಶ್ ಗಾನವಿಯ ಕಡೆ ತಿರುಗಿದ. ಅವಳ ಆರು ತಿಂಗಳ ಪ್ರೊಬೇಷನ್ ಮುಗಿದು, ಕೆಲಸ ಖಾಯಂ ಆಗುವುದು ಆ ವಾರವೇ ಎಂದು ಇಬ್ಬರಿಗೂ ಗೊತ್ತಿತ್ತು. "ನೋಡಿ ಗಾನವಿ, ನಿಮ್ಮ ತಾತಂಗೆ ನೀವೇ ಹೇಳಿ. ಇಲ್ಲಾಂದ್ರೆ ನಾಳೆಯಿಂದ ಇಬ್ರೂ ಮನೇಲೇ ಇರಿ."

ಅವಳು ಹತ್ತಿರ ಹೋಗಿ ಹಲ್ಲು ಕಚ್ಚಿಕೊಂಡು ಹೇಳಿದಳು: "ತಾತ, ಕೊಡು. ಊರಲ್ಲಿ ಜಗಳ ಆಡಿದ್ದು ಸಾಲ್ದಾ? ನಿನ್ ಸಿಟ್ಟಿಗೆ ನನ್ ಕೆಲಸಾನೂ ಬೇಕಾ?"

ರೇವಣಸಿದ್ದಪ್ಪ ಉಡಿದಾರದಿಂದ ಕೀಲಿ ಬಿಚ್ಚಿಕೊಂಡರು. ಆಮೇಲೆ ಎಲ್ಲರಿಗೂ ಕೇಳುವಂತೆ, "ಆಯ್ತು, ಬೀಗ ತೆಗೀತೀನಿ. ಮೊದಲ್ನೇ ಸವಾರಿ ಸಾಹುಕಾರ್ರದ್ದೇ ಆಗ್ಲಿ," ಎಂದರು.

ಮೂವತ್ತು ಮೊಬೈಲುಗಳು ಮೇಲೆದ್ದವು. ಇಂದ್ರೇಶನಿಗೆ ನಗದೆ ವಿಧಿಯಿರಲಿಲ್ಲ. ನಗುತ್ತಲೇ ಹತ್ತಿ ಕೂತು, ಕಪ್ಪು ಕನ್ನಡಕ ಸರಿಪಡಿಸಿಕೊಂಡು, ಹಿಡಿಯ ಮೇಲೆ ಕೈಯಿಟ್ಟ. ರೇವಣಸಿದ್ದಪ್ಪ ಬಗ್ಗಿ ಬೀಗ ಬಿಚ್ಚಿದರು, ಅದನ್ನು ಎತ್ತಿ ತೋರಿಸಿ ಜೇಬಿಗಿಟ್ಟರು, ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ಜಗ್ಗಿ ನಿಂತರು. ಅವರ ಕಾಲು ನಡುಗುತ್ತಿತ್ತು.

"ಬಿಡ್ಲಾ ಸಾರ್?"

ಇಂದ್ರೇಶ್ ಹಿಡಿ ಎಳೆದ. ಅದು ಸುಮ್ಮನೆ ಬಂತು. ಇನ್ನೊಮ್ಮೆ ಎಳೆದ. ಕೆಳಗೆ ಕಲ್ಲಿನ ಕಟ್ಟೆ ಇತ್ತು, ಅದನ್ನು ಅವನು ಆ ಬೆಂಚಿನಿಂದ ನೋಡುತ್ತಿದ್ದದ್ದು ಅದೇ ಮೊದಲು.

"ಬಿಡ್ಲಾ ಸಾರ್?"

"ಏಯ್ ತಡೀರಿ, ತಡೀರಿ!"

"ತಡಿಯೋ ಬ್ರೇಕು ನಿಮ್ಮ ಕೈಲೇ ಐತಲ್ಲ ಸಾರ್. ಹಿಡೀರಿ. ಫೋಟೋಲಿ ಯಾರಿಗೂ ಗೊತ್ತಾಗಲ್ಲ."

ತಾತನ ಕಾಲು ಸೋಲುತ್ತಿದೆಯೆಂದು ಗಾನವಿ ಓಡಿ ಬಂದು ಹಲಗೆಗೆ ಕೈಕೊಟ್ಟಳು. ಆಗ ಅವಳಿಗೆ ಕಂಡಿತು: ಬೀಗವಷ್ಟೇ ಜೇಬಿಗೆ ಹೋಗಿತ್ತು; ಹಲಗೆಯ ಅಡಿಯಲ್ಲಿ ಸರಪಳಿ ಬಿಗಿದಂತೆಯೇ ಇತ್ತು, ಅದರ ತುದಿಯ ಕೊಕ್ಕೆ ಹಳಿಯನ್ನು ಕಚ್ಚಿ ಹಿಡಿದಿತ್ತು. ಟ್ರಾಲಿ ಒಂದು ಗೇಣೂ ಜಾರುವಂತಿರಲಿಲ್ಲ. ಕೈಬಿಟ್ಟರೂ ಯಾರಿಗೂ ಏನೂ ಆಗುವಂತಿರಲಿಲ್ಲ. ತಾತನ ಕಾಲು ನಡುಗುತ್ತಿದ್ದದ್ದು ಭಾರಕ್ಕಲ್ಲ, ಸಿಟ್ಟಿಗೆ.

"ಸರ್, ಸರಪಳಿ ಇದೆ, ಹೆದರ್ಬೇಡಿ," ಎಂದು ಅವಳು ಒಂದು ಮಾತು ಹೇಳಿದ್ದರೆ ಎಲ್ಲರೂ ನಕ್ಕು, ಅವಳ ಕೆಲಸ ಉಳಿಯುತ್ತಿತ್ತು. ಅವಳು ತಾತನ ಪಕ್ಕದಲ್ಲಿ, ತನ್ನ ಇಸ್ತ್ರಿ ಮಾಡಿದ ಕೋಟಿನ ತೋಳು ಹಲಗೆಗೆ ಒತ್ತಿ, ಬಹಳ ಭಾರವೇನೋ ಎಂಬಂತೆ ಮುಖ ಕಿವಿಚಿಕೊಂಡು ನಿಂತಳು. ಇಂದ್ರೇಶ್ ಪಕ್ಕಕ್ಕೆ ಹಾರಿದ. ಹಾರಿದವನ ಮೊದಲ ಮಾತು, "ಇಬ್ರೂ ಈಗ್ಲೇ ಹೊರಡಿ!"

ಬಸ್ಸಿನಲ್ಲಿ ಜಾವಗಲ್ ದಾಟುವವರೆಗೆ ಅವಳು ಕಿಟಕಿಯ ಕಡೆಗೇ ಮುಖ ಮಾಡಿದ್ದಳು. ತಾತ ಚಪ್ಪಲಿಯಿಲ್ಲದ ಪಾದಗಳನ್ನು ಒಂದರ ಮುಂದೊಂದು ಇಟ್ಟುಕೊಂಡು ಕೂತಿದ್ದರು.

"ಸರಪಳಿ ಬಿಚ್ಕೊಂಡು ಬಂದ್ಯಲ್ಲ," ಎಂದಳು ಕೊನೆಗೆ. "ಗಾಲಿಗೆ ಕಲ್ಲಾದ್ರೂ ಕೊಟ್ಟು ಬಂದ್ಯಾ?"

"ಕೊಟ್ಟಿವ್ನಿ. ಎರಡೂ ಕಡೆ."

ಗಾನವಿ ಈಗ ಬೇಲೂರಿನ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದಾಳೆ. ಬಸ್ಸಿನ ದಾರಿ ಮೊದಲಿಗಿಂತ ದೂರ, ಕೆಲಸ ಇನ್ನೂ ಖಾಯಂ ಆಗಿಲ್ಲ. ಆ ಟ್ರಾಲಿಯನ್ನು ಹಳಿಗೆ ವೆಲ್ಡಿಂಗ್ ಮಾಡಿಸಿ ಹೂಕುಂಡ ಇಟ್ಟಿದ್ದಾರೆ. ಬ್ರೇಕಿಲ್ಲ ಎಂದು ರೇವಣಸಿದ್ದಪ್ಪ ಮೂರು ವಾರ ಹೇಳಿದ್ದು ಯಾರಿಗೂ ಕೇಳಿಸಲಿಲ್ಲ, ಆದರೆ ಖಾಕಿ ಕೋಟು ತೊಟ್ಟ ಅವರ ಫೋಟೋ ರೆಸಾರ್ಟಿನ ಜಾಹೀರಾತಿನಲ್ಲಿ ಇವತ್ತಿಗೂ ಇದೆ, ಕೆಳಗೆ ಅವರ ಹೆಸರು ಕೂಡ ಇಲ್ಲ. ಅದನ್ನು ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಇಂಥವರ ಕೋಟು ನಮಗೆ ಬೇಕು, ರುಮಾಲು ಬೇಕು, ಮಕ್ಕಳನ್ನು ಪಕ್ಕದಲ್ಲಿ ನಿಲ್ಲಿಸಿ ತೆಗೆದ ಚಿತ್ರ ಬೇಕು. ಅವರ ಸಿಟ್ಟೊಂದು ಬೇಡ. ಹೊಲದಲ್ಲಿ, ಕಾರ್ಖಾನೆಯಲ್ಲಿ, ಹಳಿಯ ಮೇಲೆ, ಗಾಲಿ ತಿರುಗುವಲ್ಲೆಲ್ಲ ಇಂಥವರೊಬ್ಬರು ಇದ್ದೇ ಇರುತ್ತಾರೆ. ಅವರು ಎಷ್ಟೇ ಊರಿ ನಿಂತರೂ ಯಾವ ಸಿಗ್ನಲ್ಲೂ ಕೆಂಪಾಗುವುದಿಲ್ಲ. ಬರುತ್ತಿರುವುದು ಅವರ ಅಂಗಾಲಿಗಷ್ಟೇ ತಿಳಿಯುತ್ತದೆ, ತಿಳಿಸಲು ಅವರ ಬಳಿ ಇರುವುದು ಗಂಟಲೊಂದೇ. ಅದಕ್ಕೇ ಅವರು ಕೂಗುತ್ತಾರೆ. ನಾವು ಚರಂಡಿಯಲ್ಲಿ ಬಿದ್ದು, ಬದುಕಿ, ಬಟ್ಟೆಗೆ ಮೆತ್ತಿದ ಕೆಸರು ಕೊಡವಿಕೊಳ್ಳುತ್ತ, ಮುದುಕನಿಗೆ ಬಾಯಿ ಜೋರು ಎನ್ನುತ್ತೇವೆ.