ಹುಲ್ಲುಗಾವಲು ಉಳಿಸಿದ ಗುಂಡಿ

"ಆ ಖಾಲಿ ಕುರ್ಚೀನ ಕೇಳಿದ್ರೂ ಇವನಿಗಿಂತ ಚೆನ್ನಾಗಿ ಹೇಳುತ್ತೆ ಸಾರ್. ಕಡೇಪಕ್ಷ ಅದು ಕಿರುಚಲ್ಲ."

ಜಿಲ್ಲಾ ಕಚೇರಿಯ ಬಜೆಟ್ ಸಭೆಯಲ್ಲಿ, ಎಲ್ಲರ ಎದುರಿಗೆ, ನನ್ನ ಬಗ್ಗೆ ಹೀಗೆಂದವರು ನನ್ನ ಭಾವ. ಅಕ್ಕನ ಗಂಡ, ಯೋಜನಾ ವಿಭಾಗದ ಮುಖ್ಯಸ್ಥ. ಸದಸ್ಯರೆಲ್ಲ ಹೊಟ್ಟೆ ಕುಲುಕಿಸಿಕೊಂಡು ನಕ್ಕರು. ಜೋಕು ಅರ್ಥವಾಗದವರು ಪಕ್ಕದವರನ್ನು ಕೇಳಿ ತಿಳಿದುಕೊಂಡು ಇನ್ನೊಂದು ಸಲ ನಕ್ಕರು.

ನಾನು ಹೋಗಿದ್ದು ಹುಲ್ಲಿಗಾಗಿ. ಕಚೇರಿಯ ಹಿಂದೆ ಸರಕಾರದ ಒಂದು ತಗ್ಗು ಬಯಲಿತ್ತು. ಅಲ್ಲಿನ ಹುಲ್ಲು ಕೊಯ್ದು, ತಳ್ಳುಗಾಡಿಯಲ್ಲಿ ತುಂಬಿಕೊಂಡು ಹೋಗಿ ಹಸು ಸಾಕಿದವರ ಕೊಟ್ಟಿಗೆಗಳಿಗೆ ಹಾಕುವುದೇ ನನ್ನ ಮತ್ತು ಅಮ್ಮನ ಹೊಟ್ಟೆಪಾಡು. ಹೊಸ ಬಜೆಟ್ಟಿನಲ್ಲಿ ಅಲ್ಲಿ ಕಲ್ಲು ಹಾಸಿ ಕಾರು ನಿಲ್ಲಿಸುವ ಜಾಗ ಮಾಡುತ್ತಾರಂತೆ ಎಂದು ಅಕ್ಕ ಗುಟ್ಟಾಗಿ ಹೇಳಿದ್ದಳು. ಅದಕ್ಕೇ ಸಾರ್ವಜನಿಕರ ಸಾಲಿನಲ್ಲಿ ಕೂತು, ಬಯಲನ್ನು ಭೂ ಸಂರಕ್ಷಣಾ ಯೋಜನೆಗೆ ಸೇರಿಸಿ, ಆಮೇಲೆ ಅದನ್ನು ಮುಟ್ಟಬೇಡಿ ಎಂದು ಕೂಗಿದ್ದೆ. ಕೂಗಿದ್ದು ನಿಜ. ಮೆಲ್ಲಗೆ ಹೇಳಿದ್ದನ್ನು ಆ ಸಭೆ ಯಾವತ್ತು ಕೇಳಿದೆ?

ಅಧ್ಯಕ್ಷರೊಬ್ಬರೇ ನಗಲಿಲ್ಲ. ಆಗ ತಾನೇ ನಿದ್ದೆಯಿಂದ ಎದ್ದಿದ್ದರು. ಹುಡುಗ ಹೇಳಿದ್ದರಲ್ಲಿ ತಪ್ಪೇನು ಎಂದು ಕೇಳಿದರು.

ಭಾವ ಎಳೆಮಗುವಿಗೆ ತುತ್ತು ಕಲಸಿಕೊಡುವವರ ಹಾಗೆ ವಿವರಿಸಿದರು. ಸಂರಕ್ಷಣೆಗೆ ಹಣ ಇದೆ, ಆದರೆ ಅದು ಕಾಮಗಾರಿಗೆ ಮಾತ್ರ. ಕಾಮಗಾರಿ ಇಲ್ಲದ ಜಮೀನು ಯೋಜನೆಗೆ ಸೇರುವುದಿಲ್ಲ. ಸೇರದಿದ್ದರೆ ಅದು ಖಾಲಿ ಜಮೀನು. ಖಾಲಿ ಜಮೀನಿನಲ್ಲಿ ಕಾರು ನಿಲ್ಲಿಸಬಹುದು. ಸುಮ್ಮನೆ ಬಿಡುವುದಕ್ಕೆ ಬಜೆಟ್ಟಿನಲ್ಲಿ ಜಾಗವೇ ಇಲ್ಲ.

ಹಾಗಾದರೆ ಏನಾದರೂ ಕಾಮಗಾರಿ ಹುಡುಕೋಣ ಎಂದು ಸದಸ್ಯರು ಹುರುಪುಗೊಂಡರು. ಒಬ್ಬರು ಕಮಾನು ಕಟ್ಟೋಣ ಎಂದರು. ಇನ್ನೊಬ್ಬರು, ಸಂರಕ್ಷಣೆ ಮಾಡುವವರಿಗೆ ಕೂರಲು ಕಟ್ಟಡ ಬೇಡವೇ ಎಂದರು. ಕಟ್ಟಡಕ್ಕೆ ರಸ್ತೆ ಬೇಕಾಯಿತು, ರಸ್ತೆಗೆ ದೀಪ, ದೀಪಕ್ಕೆ ಕಾವಲುಗಾರ, ಕಾವಲುಗಾರನಿಗೆ ಮನೆ. ಬಯಲನ್ನು ಉಳಿಸುತ್ತ ಉಳಿಸುತ್ತ ಒಂದು ಎಸಳು ಹುಲ್ಲೂ ಇಲ್ಲದಂತೆ ನುಂಗಿ ನೀರು ಕುಡಿಯುತ್ತಿದ್ದರು. ನನ್ನ ಪಿತ್ತ ನೆತ್ತಿಗೇರಿತು.

"ಮಾಡ್ಲೇಬೇಕು ಅಂದ್ರೆ ಒಂದು ಗುಂಡಿ ತೋಡಿ, ಅದೇ ಮಣ್ಣು ಹಾಕಿ ಮುಚ್ಚಿಬಿಡಿ," ಎಂದೆ. "ನಿಮ್ಮ ದುಡ್ಡೂ ಖರ್ಚಾಗುತ್ತೆ, ನನ್ನ ಹುಲ್ಲೂ ಉಳಿಯುತ್ತೆ."

ನಾನು ಬೈದಿದ್ದೆ. ಅವರು ಬರೆದುಕೊಂಡರು. ಎಂಜಿನಿಯರ್ ಎದ್ದು ಬಂದು, ಆಳ ಎಷ್ಟಿರಲಿ ಎಂದು ಮರ್ಯಾದೆಯಿಂದ ಕೇಳಿದರು. ಅಧ್ಯಕ್ಷರು ಮೇಜು ಕುಟ್ಟಿ ಒಪ್ಪಿಗೆ ಕೊಟ್ಟರು.

ಮನೆಗೆ ಬಂದು ಹೇಳಿದರೆ ಅಮ್ಮ ಕುಡುಗೋಲು ಮಸೆಯುವುದನ್ನು ನಿಲ್ಲಿಸಿ, "ಮುಚ್ಚದೇ ಹೋದ್ರೆ?" ಎಂದಳು. ನಿನಗೆ ಸಭೆಯ ವಿಚಾರ ತಿಳಿಯಲ್ಲ ಸುಮ್ಮನಿರು ಎಂದೆ. ಗೆದ್ದು ಬಂದವನಲ್ಲವೇ ನಾನು.

ನಾನು ಅಂದುಕೊಂಡದ್ದು ಆಳೊಬ್ಬ ಇಳಿಯುವಷ್ಟು ಗುಂಡಿ. ಆದರೆ ಇಟ್ಟ ಹಣವೆಲ್ಲ ಖರ್ಚಾಗಬೇಕಲ್ಲ. ದೊಡ್ಡ ಯಂತ್ರ ಬಂದು ಬಯಲಿನ ಮುಕ್ಕಾಲು ಭಾಗವನ್ನು ತೋಡಿ ಹಾಕಿತು. ಅಷ್ಟರಲ್ಲಿ ಹಣಕಾಸು ವರ್ಷ ಮುಗಿಯಿತು. ತೋಡುವುದು ಹಳೇ ವರ್ಷದ ಕಾಮಗಾರಿ, ಮುಚ್ಚುವುದು ಹೊಸ ವರ್ಷದ್ದು, ಅದಕ್ಕೆ ಬೇರೆ ಮಂಜೂರಾತಿ ಬೇಕು ಎಂದರು ಭಾವ. ಮಂಜೂರಾತಿಗಿಂತ ಮೊದಲು ಮಳೆ ಬಂತು. ಗುಂಡಿ ತುಂಬಿತು. ನೀರಿಗೆ ಕಪ್ಪೆ ಬಂದವು, ಕಪ್ಪೆಗೆ ಕೊಕ್ಕರೆ ಬಂದವು, ಕೊಕ್ಕರೆ ನೋಡಲು ಸಂರಕ್ಷಣಾ ವಿಭಾಗದವರು ಬಂದರು. ಅವರು ಬೋರ್ಡು ನೆಟ್ಟು ಹೋದರು: ಸಂರಕ್ಷಿತ ಕೆರೆ. ಮಣ್ಣು ಸುರಿಯುವುದು, ದಡದ ಹುಲ್ಲು ಕೊಯ್ಯುವುದು ಅಪರಾಧ.

ಭಾವನ ಮೇಜಿನ ಮುಂದೆ ನಿಂತು, ಗುಂಡಿ ಮುಚ್ಚಿಸಿ ಎಂದೆ.

"ಕೆರೆ ಮುಚ್ಚೋಕಾಗುತ್ತೇನಯ್ಯ? ಜೈಲಿಗೆ ಹಾಕ್ತಾರೆ."

"ಕೆರೆ ಅಲ್ಲ ಭಾವ, ಗುಂಡಿ. ನಾನೇ ಹೇಳಿದ್ದಲ್ವಾ?"

"ಅದಕ್ಕೇ ಉದ್ಘಾಟನೆಗೆ ನಿನ್ನನ್ನೇ ಕರೀತಿರೋದು."

ಆ ಹೊತ್ತಿಗೆ ನಾನೂ ಅಮ್ಮನೂ ಊರಾಚೆ, ಹಳೇ ಇಟ್ಟಿಗೆ ಗೂಡಿನ ಹಿಂದಿನ ಬಯಲಿಗೆ ಹೋಗಿ ಹುಲ್ಲು ಕೊಯ್ಯುತ್ತಿದ್ದೆವು. ಗಾಡಿ ತಳ್ಳಿ ತಳ್ಳಿ ಭುಜ ಬಿದ್ದುಹೋಗುತ್ತಿತ್ತು, ಆದರೂ ಅಲ್ಲಿ ಹುಲ್ಲಿತ್ತು. ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಉದ್ಘಾಟನೆಯ ದಿನ ನನ್ನ ಕೈಗೆ ಕತ್ತರಿ ಕೊಟ್ಟರು. ರಿಬ್ಬನ್ ಕತ್ತರಿಸಿದೆ. ಈ ವರ್ಷ ಈ ದಡದಲ್ಲಿ ನೀನು ಕೊಯ್ದಿದ್ದು ಇದೊಂದೇ ಎಂದು ಅಮ್ಮ ಕಿವಿಯಲ್ಲಿ ಅಂದಳು. ಅಧ್ಯಕ್ಷರು, ಕೆರೆ ಎನ್ನುವುದು ಜನರ ತಲೆಯಿಂದ ಹುಟ್ಟಬೇಕು ಎಂದು ಭಾಷಣ ಮಾಡಿ, ಹೊಸ ವರ್ಷಕ್ಕೂ ಸಂರಕ್ಷಣೆಯ ಹಣ ಬಂದಿದೆ ಎಂದರು. ಜನ ಚಪ್ಪಾಳೆ ತಟ್ಟಿದರು. ಭಾವ ನನ್ನ ಹೆಗಲ ಮೇಲೆ ಕೈ ಹಾಕಿದರು. ಕೈಯನ್ನು ಕಚ್ಚಿಬಿಡೋಣ ಅನ್ನಿಸಿತು.

"ಅಂಥದೇ ಇನ್ನೊಂದು ಬಯಲು ಬೇಕಾಗಿತ್ತಲ್ಲ," ಎಂದರು. "ಊರೆಲ್ಲ ಸುತ್ತೋನು ನೀನು. ಎಲ್ಲಾದ್ರೂ ಕಂಡಿದ್ಯಾ?"

ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಎಂಜಿನಿಯರ್ ಅಂತೂ ಒಂದು ಹೆಜ್ಜೆ ಮುಂದೆಯೇ ಬಂದರು. ನಾನು ಭಾವನ ಕೈ ಕೆಳಗಿಳಿಸಿ, ಕತ್ತರಿಯನ್ನು ಅದೇ ಕೈಗೆ ಕೊಟ್ಟು, ಅಮ್ಮನಿಗೆ ಕಣ್ಸನ್ನೆ ಮಾಡಿದೆ. ಖಾಲಿ ಗಾಡಿ ತಳ್ಳಿಕೊಂಡು ಇಟ್ಟಿಗೆ ಗೂಡಿನ ದಾರಿ ಬಿಟ್ಟು, ಅದಕ್ಕೆ ಪೂರ್ತಿ ಎದುರು ದಿಕ್ಕಿಗೆ ನಡೆದೆ.