ಎಡಗಡೆಯ ಚೆಂಡುಗಳು

ನನಗೆ ಬಡ್ತಿ ಕೊಟ್ಟವರು ಒಂದು ತಪ್ಪು ಮಾಡಿದರು. ಟೆನಿಸ್ ಕೋರ್ಟಿನ ಕಡೆಗೆ ತೆರೆಯುವ ಕಿಟಕಿ ಇರುವ ಕೋಣೆಯನ್ನೇ ನನಗೆ ಕೊಟ್ಟರು. ಆಯುಷ್ಯದ ಅರ್ಧಕ್ಕಿಂತ ಹೆಚ್ಚನ್ನು ಆ ಕೋರ್ಟಿನ ಮೇಲೆ ಕಾಲೇಜು ಮಕ್ಕಳಿಗೆ ಕಲಿಸುತ್ತ, ಗದರುತ್ತ, ಬಿಸಿಲಿಗೆ ಮುಖ ಸುಟ್ಟುಕೊಂಡು ಕಳೆದವಳು ನಾನು. ಮಂಡಿ ಸವೆದು ಓಡಲಾಗದ ಹೊತ್ತಿಗೆ ಹಳೆಯ ಕ್ರೀಡಾ ನಿರ್ದೇಶಕರು ನಿವೃತ್ತರಾದರು. ಕಾಲೇಜಿನವರು ನನ್ನನ್ನು ಎತ್ತಿ ಅವರ ಕುರ್ಚಿಯಲ್ಲಿ ಕೂರಿಸಿದರು. ಕಾಲು ಹೋಗಿದ್ದಕ್ಕೆ ಕುರ್ಚಿ ಕೊಟ್ಟರು ಎಂದು ನನ್ನ ಗಂಡ ಇವತ್ತಿಗೂ ಹೇಳಿಕೊಂಡು ನಗುತ್ತಾರೆ.

ನಾನು ಹುಟ್ಟಾ ಪುಕ್ಕಲಿ. ಇದು ನನ್ನ ಶಿಷ್ಯರಿಗೆ ಗೊತ್ತಿಲ್ಲ. ಗಂಟಲು ದೊಡ್ಡದಿದ್ದವರನ್ನು ಎಲ್ಲರೂ ಧೈರ್ಯವಂತರು ಎಂದುಕೊಳ್ಳುತ್ತಾರೆ. ತರಬೇತುದಾರಳಾಗಿದ್ದಾಗ ನನ್ನ ಭಯಗಳು ಸಣ್ಣವು. ಮಳೆ ಬರುತ್ತದೇನೋ, ಯಾವಳದಾದರೂ ಪಾದ ಉಳುಕುತ್ತದೇನೋ, ಅಷ್ಟೆ. ಸಿಳ್ಳೆ ಊದಿ, ಅತ್ತಿತ್ತ ಓಡಾಡಿ ಕಳೆದುಕೊಳ್ಳಬಹುದಿತ್ತು. ಕುರ್ಚಿಗೆ ಬಂದ ಮೇಲೆ ಈಜುಕೊಳದ ಆಳ, ಫುಟ್‌ಬಾಲ್ ಕಂಬದ ತುಕ್ಕು, ಜಿಮ್ಮಿನ ಸೋರುವ ಮಾಡು, ಊರೂರು ಸುತ್ತುವ ವ್ಯಾನು, ಎಲ್ಲವೂ ನನ್ನ ತಲೆಗೇ ಬಂದವು. ಯಾರಿಗೆ ಏನಾದರೂ ನಾನೇ ಹೊಣೆ. ಫೋನ್ ಸದ್ದಾದರೆ ಎದೆ ಧಸಕ್ಕೆನ್ನುತ್ತದೆ.

ನನ್ನ ಜಾಗಕ್ಕೆ ಟೆನಿಸ್ ಕಲಿಸಲು ಬಂದವನು ನನ್ನ ಶಿಷ್ಯನೇ. ವಿದ್ಯಾರ್ಥಿಯಾಗಿದ್ದಾಗ ಬಿದಿರು ಗಳದ ಹಾಗೆ ಬೆಳೆದು ನಿಂತಿದ್ದನೆಂದು ಎಲ್ಲರೂ ಉದ್ದಣ್ಣ ಅನ್ನುತ್ತಿದ್ದರು. ಈಗ ತಲೆ ಅರ್ಧ ನರೆತು ಎರಡು ಮಕ್ಕಳ ಅಪ್ಪನಾದರೂ ಅದೇ ಹೆಸರು. ಹಟ ಮಾಡಿ ಅವನನ್ನು ಈ ಕೆಲಸಕ್ಕೆ ತಂದವಳು ನಾನು. ಅವನು ಕಲಿಸುವಾಗ ಮೂಗು ತೂರಿಸುವುದಿಲ್ಲ ಎಂದು ನನಗೆ ನಾನೇ ಆಣೆ ಹಾಕಿಕೊಂಡಿದ್ದೆ. ಆದರೆ ಕಿಟಕಿ ಇತ್ತಲ್ಲ, ನೋಡುವುದನ್ನು ತಡೆಯಲಾಗುತ್ತಿರಲಿಲ್ಲ.

ಅವನು ಬಂದು ಐದಾರು ವರ್ಷವಾಗಿತ್ತು. ನಾನು ಮೊದಲು ಕಂಡದ್ದು ಚೆಂಡುಗಳನ್ನು. ಟೆನಿಸ್ ಕಲಿಸುವವರಿಗೆಲ್ಲ ಒಂದು ಚಾಳಿ ಅಂಟಿಕೊಂಡಿರುತ್ತದೆ: ಕಾಲ ಬಳಿ ಚೆಂಡು ಉರುಳಿ ಬಂದರೆ ಮಾತನಾಡುತ್ತಲೇ ಪಾದದಿಂದ ಪಕ್ಕಕ್ಕೆ ತಳ್ಳುತ್ತೇವೆ. ಮೇಲೆ ಕಾಲಿಟ್ಟರೆ ಪಾದ ಮುರಿಯುತ್ತದೆ. ಉದ್ದಣ್ಣ ಬುಟ್ಟಿಯ ಪಕ್ಕ ನಿಂತು ಮಕ್ಕಳಿಗೆ ಚೆಂಡು ಹಾಕುತ್ತಿದ್ದ. ಬಲಗಾಲಿನ ಬಳಿ ಬಂದದ್ದನ್ನೆಲ್ಲ ತಳ್ಳುತ್ತಿದ್ದ. ಎಡಗಾಲಿನ ಬಳಿ ಹಾಗೇ ಗುಡ್ಡೆ ಬೀಳುತ್ತಿದ್ದವು. ಅಭ್ಯಾಸ ಮುಗಿಸಿ ಚೆಂಡು ಆರಿಸಿಕೊಂಡು ಹೋದ ಮೇಲೂ ಅವನ ಎಡಕ್ಕಿದ್ದ ಬೇಲಿಯ ಬುಡದಲ್ಲಿ ಒಂದಷ್ಟು ಹಾಗೇ ಬಿದ್ದಿದ್ದವು. ಒಂದು ಚೆಂಡು ಕಮ್ಮಿಯಾದರೂ ಪೊದೆಗೆ ನುಗ್ಗಿ ಹುಡುಕುತ್ತಿದ್ದ ಮನುಷ್ಯ ಅವನು.

ಸೋಮಾರಿಯಾಗಿದ್ದಾನೆ ಅಂದುಕೊಂಡೆ. ಆಮೇಲೆ ಒಂದು ದಿನ ಎಡಗಡೆ ನಿಂತ ಹುಡುಗಿ ಕೈ ಎತ್ತಿ ಏನೋ ಕೇಳುತ್ತಲೇ ಇದ್ದಳು. ಇವನು ಅವಳ ಕಡೆ ತಿರುಗಲೇ ಇಲ್ಲ. ಇನ್ನೊಂದು ದಿನ ಎಡಗೆರೆಯ ಆಚೆ ಬಿದ್ದ ಚೆಂಡನ್ನು ಒಳಗೆ ಎಂದ. ಮಕ್ಕಳು ನಕ್ಕರು. ನನಗೆ ನಗು ಬರಲಿಲ್ಲ. ಇವನಿಗೆ ಎಡಗಡೆ ಕಾಣುತ್ತಿಲ್ಲ. ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು. ಪಂದ್ಯಗಳಿಗೆ ತಂಡವನ್ನು ಕೂರಿಸಿಕೊಂಡು ವ್ಯಾನು ಓಡಿಸುವವನೂ ಇವನೇ. ಶನಿವಾರ ಫೈನಲ್ ಇತ್ತು, ಹೆದ್ದಾರಿಯಲ್ಲಿ ಹೋಗಬೇಕಿತ್ತು.

ಮನೆಯಲ್ಲಿ ಗಂಡನಿಗೆ ಹೇಳಿದೆ.

"ನಿನಗೆ ಆ ಕಿಟಕಿ ಕೊಟ್ಟಿದ್ದೇ ತಪ್ಪು ಕಣೇ," ಅಂದರು. "ಹೋದ ತಿಂಗಳು ಜಿಮ್ಮಿನ ಮಾಡು ಬೀಳುತ್ತೆ ಅಂದೆ. ಅದಕ್ಕೂ ಮುಂಚೆ ಕೊಳದಲ್ಲಿ ಕರೆಂಟು ಅಂದೆ. ಏನಾದ್ರೂ ಆಯ್ತಾ?"

"ಇದು ಹಾಗಲ್ಲ ರೀ. ಅವನ ಕಾಲು ನೋಡಿದೀನಿ ನಾನು."

"ಕಾಲು ನೋಡಿ ಕಣ್ಣಿಗೆ ಕಾಯಿಲೆ ಅಂತೀಯಲ್ಲ, ಡಾಕ್ಟರೂ ನೀನೇ ಆಗಿಬಿಟ್ಟೆಯಾ?" ಆದರೂ ನನ್ನ ಮುಖ ನೋಡಿ ನಗು ನಿಲ್ಲಿಸಿದರು. "ಅವನನ್ನೇ ಕರೆದು ಕೇಳು. ನೀನು ಬೆಳೆಸಿದ ಹುಡುಗ ತಾನೆ?"

ಕೇಳುವುದು ಅಷ್ಟು ಸುಲಭವಿರಲಿಲ್ಲ. ಆ ವರ್ಷ ಯಾವುದಾದರೂ ಒಂದು ಆಟವನ್ನು ಕೈಬಿಡಬೇಕೆಂದು ಆಡಳಿತ ಸಮಿತಿ ನನ್ನ ಬೆನ್ನು ಬಿದ್ದಿತ್ತು. ಕತ್ತಿ ಯಾರ ಮೇಲೆ ಬೀಳುತ್ತದೋ ಎಂದು ತರಬೇತುದಾರರೆಲ್ಲ ನನ್ನನ್ನು ಕಂಡರೆ ದಾರಿ ಬದಲಿಸುತ್ತಿದ್ದರು. ಗುರುವಾರ ಉದ್ದಣ್ಣನನ್ನು ಕೋಣೆಗೆ ಕರೆದಾಗ ಅವನು ಬಾಗಿಲಲ್ಲೇ ಬೆವರಿದ್ದ. ಒಳಗೆ ಬರುವಾಗ ಎಡ ಭುಜ ಬಾಗಿಲ ಚೌಕಟ್ಟಿಗೆ ಬಡಿಯಿತು.

"ಕಣ್ಣು ತೋರಿಸಿಕೊಂಡೆಯಾ ಇತ್ತೀಚೆಗೆ?" ಅಂದೆ.

ಅವನ ಮುಖ ಬಿಳಿಚಿಕೊಂಡಿತು. "ಯಾಕೆ ಮೇಡಂ?"

"ಎಡಗಡೆ ಚೆಂಡು ಬಿಟ್ಟು ಹೋಗ್ತಿದೀಯ. ಕಿಟಕಿಯಿಂದ ನೋಡ್ತಿದ್ದೆ."

"ಓಹೋ, ಕಿಟಕಿಯಿಂದ." ಅವನ ದನಿ ಗಟ್ಟಿಯಾಯಿತು. "ಟೆನಿಸ್ ತೆಗೀಬೇಕು ಅಂತ ತೀರ್ಮಾನ ಆಗಿದ್ರೆ ನೇರ ಹೇಳಿ ಮೇಡಂ. ನನ್ನಲ್ಲಿ ಹುಳುಕು ಯಾಕೆ ಹುಡುಕ್ತೀರಿ? ಈ ಕೆಲಸ ಬಿಟ್ರೆ ನನಗೆ ಬೇರೆ ಏನು ಬರುತ್ತೆ? ಮನೇಲಿ ಎರಡು ಮಕ್ಕಳಿವೆ."

"ಅದಲ್ಲವೋ ಮಾರಾಯ, ವ್ಯಾನು..."

"ವ್ಯಾನು ಚೆನ್ನಾಗಿದೆ." ಅಷ್ಟು ಹೇಳಿ ಎದ್ದು ಹೋದ.

ನಾನು ಅವನನ್ನು ತಡೆಯಬೇಕಿತ್ತು. ಬೀಗದಕೈ ಇಡು ಎಂದು ಹೇಳುವ ಅಧಿಕಾರ ನನಗಿತ್ತು. ಆದರೆ ಹೇಳಲಿಲ್ಲ. ನನ್ನ ಅನುಮಾನ ಸುಳ್ಳಾದರೆ? ಕಾರಣಕ್ಕಾಗಿ ಕಾಯುತ್ತಿದ್ದ ಸಮಿತಿಯ ಬಾಯಿಗೆ ಅವನನ್ನು ನಾನೇ ಕೊಟ್ಟ ಹಾಗಾಗುತ್ತಿತ್ತು. ನಿಜವಾದರೆ? ಆ ವ್ಯಾನಿನಲ್ಲಿ ಕೂರುವ ಒಂದೊಂದು ಹುಡುಗಿಯ ಮುಖವೂ ಕಣ್ಣ ಮುಂದೆ ಬಂತು. ಎರಡೂ ಕಡೆ ಭಯ, ನಡುವೆ ನಾನು.

ಶುಕ್ರವಾರ ಸಂಜೆ ಎಲ್ಲರೂ ಹೋದ ಮೇಲೆ ಶೆಡ್ಡಿಗೆ ಹೋದೆ. ವ್ಯಾನಿನ ಬಲಮಗ್ಗುಲು ತೊಳೆದಿಟ್ಟ ಹಾಗೆ ಹೊಳೆಯುತ್ತಿತ್ತು. ಸುತ್ತಿ ಎಡಮಗ್ಗುಲಿಗೆ ಬಂದೆ. ಮುಂದಿನ ಬಾಗಿಲಿಂದ ಹಿಂದಿನ ಚಕ್ರದವರೆಗೆ ಉದ್ದಕ್ಕೆ ಗೀರು. ಆ ಬದಿಯ ಕನ್ನಡಿಯನ್ನು ಅಂಟುಪಟ್ಟಿ ಸುತ್ತಿ ನಿಲ್ಲಿಸಿದ್ದರು. ಗೀರಿನ ಮೇಲೆ ಬೆರಳಿಟ್ಟರೆ ಯಾವುದೋ ಗೋಡೆಯ ಸುಣ್ಣ ಬೆರಳಿಗೆ ಹತ್ತಿತು. ಅಲ್ಲಿ ಗೋಡೆಯ ಬದಲು ಮನುಷ್ಯ ನಿಂತಿದ್ದರೆ ಅಂದುಕೊಂಡೆ. ಅಲ್ಲೇ ಇದ್ದ ಟೈರಿನ ಮೇಲೆ ಕುಸಿದು ಕೂತೆ.

ಶನಿವಾರ ಬೆಳಿಗ್ಗೆ ಮಕ್ಕಳು ಬರುವುದಕ್ಕೆ ಮುಂಚೆಯೇ ಹೋದೆ. ಅವನು ಆಗಲೇ ಬಂದು ವ್ಯಾನಿಗೆ ರ‍್ಯಾಕೆಟ್ ಚೀಲಗಳನ್ನು ತುಂಬುತ್ತಿದ್ದ.

"ಬಾ, ಸ್ವಲ್ಪ ಆಡೋಣ," ಅಂದೆ.

"ಈಗಲಾ? ಮೇಡಂ, ನಿಮ್ಮ ಮಂಡಿ..."

"ನನ್ನ ಮಂಡಿ ನನಗಿರಲಿ. ನೆಟ್ ಹತ್ತಿರ ನಿಂತ್ಕೋ, ನಾನು ಹೊಡೀತೀನಿ."

ಗುರು ಕರೆದರೆ ಅವನಿಗೆ ಇಲ್ಲ ಅನ್ನಲು ಬರುವುದಿಲ್ಲ. ನಿಂತ. ನಾನು ಬುಟ್ಟಿಯಿಂದ ಒಂದೊಂದೇ ಚೆಂಡು ತೆಗೆದು ಹೊಡೆದೆ. ಬಲಕ್ಕೆ ಹೋದವನ್ನು ಎಷ್ಟು ಚೆಂದ ಹಿಂದಿರುಗಿಸಿದನೆಂದರೆ, ಅಯ್ಯೋ, ನನ್ನ ಭ್ರಮೆಯೇ ಇರಲಿ ದೇವರೇ ಎಂದುಕೊಂಡೆ. ಆಮೇಲೆ ಅವನ ಎಡಕ್ಕೆ ಒಂದು ಹೊಡೆದೆ. ಎಳೆಮಗುವೂ ತಡೆಯಬಹುದಾದಷ್ಟು ಮೆಲ್ಲಗೆ.

ಅವನು ರ‍್ಯಾಕೆಟ್ ಹಿಡಿದು ಕಾಯುತ್ತ ನಿಂತೇ ಇದ್ದ. "ನೆಟ್ಟಿಗೆ ಬಿತ್ತಾ ಮೇಡಂ?" ಅಂದ.

ಅಷ್ಟರಲ್ಲಿ ಚೆಂಡು ಅವನ ಹಿಂದೆ ಬೇಲಿಗೆ ಬಡಿಯಿತು. ಸದ್ದಿಗೆ ತಿರುಗಿದ. ಉರುಳುತ್ತಿದ್ದ ಚೆಂಡನ್ನು ನೋಡಿದ. ಮತ್ತೆ ನನ್ನ ಕಡೆ ತಿರುಗಿದಾಗ ಅವನ ಮುಖದಲ್ಲಿ ಇದ್ದದ್ದು ನನಗೆ ಚೆನ್ನಾಗಿ ಪರಿಚಯವಿರುವ ವಸ್ತು. ಅವನು ನನಗಿಂತ ಹೆಚ್ಚು ಹೆದರಿದ್ದ.

"ಬಿಸಿಲು ಕಣ್ಣಿಗೆ ಹೊಡೀತು," ಅಂದ. ಸೂರ್ಯ ಇನ್ನೂ ಮರಗಳ ಹಿಂದೆಯೇ ಇದ್ದ.

ಕುಂಟುತ್ತ ಹೋಗಿ ಕೈ ಚಾಚಿದೆ. "ಬೀಗದಕೈ ಕೊಡು. ವ್ಯಾನು ನಾನು ಓಡಿಸ್ತೀನಿ. ಕೆಲಸದ ಮಾತು ಆಮೇಲೆ. ಸಮಿತಿಗೆ ನಾನು ಏನೂ ಹೇಳಿಲ್ಲ, ಹೇಳೋದೂ ಇಲ್ಲ."

ಜೇಬಿನಿಂದ ಬೀಗದಕೈ ತೆಗೆದು ಕೊಟ್ಟ. "ಸೋಮವಾರ ಡಾಕ್ಟರಿಗೆ ತೋರಿಸ್ತೀನಿ ಮೇಡಂ. ಇವತ್ತು ಫೈನಲ್ ಮುಗೀಲಿ. ಈಚೆಗೆ ಒಂದೆರಡು ವಾರದಿಂದ ಸ್ವಲ್ಪ ಮಂಜು ಮಂಜು, ಅಷ್ಟೇ."

ಒಂದೆರಡು ವಾರ ಅಂದದ್ದನ್ನು ನಾನು ನಂಬಿದೆ. ನಂಬುವುದು ಹಿತವಾಗಿತ್ತು. ಹೇಗೂ ಬೀಗದಕೈ ನನ್ನ ಮುಷ್ಟಿಯಲ್ಲಿದೆ, ಇನ್ನು ಯಾರಿಗೂ ಏನೂ ಆಗುವುದಿಲ್ಲ ಎಂದು ಉಸಿರು ಬಿಟ್ಟೆ. ಮಕ್ಕಳು ಗಲಾಟೆ ಮಾಡುತ್ತ ಬಂದು ಹತ್ತಿದರು. ಉದ್ದಣ್ಣ ಹಿಂದಿನ ಸೀಟಿನಲ್ಲಿ ಮೂಲೆಗೆ ಕೂತ. ತಂಡದ ನಾಯಕಿ, ಎರಡು ಜಡೆಯ ಗಟ್ಟಿಗಿತ್ತಿ, ಯಾರನ್ನೂ ಕೇಳದೆ ಮುಂದೆ ನನ್ನ ಎಡಕ್ಕೆ ಬಂದು ಕೂತಳು.

ಕಾಲೇಜಿನ ಗೇಟು ದಾಟುವಾಗ ಅವಳು ಕಿಟಕಿಯಿಂದ ತಲೆ ಹೊರಹಾಕಿ, "ಎಡಗಡೆ ಸೈಕಲ್ ಬರ್ತಿದೆ, ನಿಲ್ಲಿ... ಹಾಂ, ಈಗ ಹೋಗಿ," ಅಂದಳು.

"ನನಗೂ ಕಣ್ಣಿದೆ ಕಣಮ್ಮ," ಅಂದೆ.

ಅವಳು ನಾಲಿಗೆ ಕಚ್ಚಿಕೊಂಡಳು. "ಅಭ್ಯಾಸ ಆಗಿಬಿಟ್ಟಿದೆ ಮೇಡಂ. ಸಾರ್ ಓಡಿಸುವಾಗ ಎಡಗಡೆ ನೋಡಿ ಹೇಳೋದು ಕ್ಯಾಪ್ಟನ್ ಕೆಲಸ."

"ಯಾವತ್ತಿಂದ?"

"ಮುಂಚಿಂದಾನೂ ಹಾಗೇ. ನನಗಿಂತ ಮುಂಚೆ ಇದ್ದ ಕ್ಯಾಪ್ಟನ್ ಅಕ್ಕ ಹೇಳ್ತಿದ್ರು. ಅವರಿಗೆ ಅವರಿಗಿಂತ ಮುಂಚಿನವರು ಹೇಳಿಕೊಟ್ಟಿದ್ರಂತೆ. ನಮ್ಮ ಟೀಮಿನ ಪದ್ಧತಿ ಅದು."

ನನ್ನ ಕಾಲು ಬ್ರೇಕಿನ ಮೇಲೆ ಬಿತ್ತು. ಹಿಂದೆ ಗಲಾಟೆ ನಿಂತಿತು. ಒಬ್ಬಳ ನಂತರ ಒಬ್ಬಳು, ಹಾಗಾದರೆ ವರ್ಷಗಳಿಂದ, ಈ ಎಳೆಯರ ಬಾಯಿಮಾತಿನ ಮೇಲೆ ಈ ವ್ಯಾನು ಹೆದ್ದಾರಿಯಲ್ಲಿ ಓಡಿದೆ. ನಾನು ಮೇಲೆ ಕಿಟಕಿಯಲ್ಲಿ ಕೂತು ಚೆಂಡು ಎಣಿಸುತ್ತಿದ್ದೆ.

ಹುಡುಗಿ ನನ್ನ ಮುಖ ನೋಡಿ ತಪ್ಪು ತಿಳಿದಳು. ಅವಳ ದನಿ ಇಳಿಯಿತು. "ಆ ಗೀರಿಗೆ ಬೈತೀರಾ ಮೇಡಂ? ಸಾರ್‌ದು ತಪ್ಪಿಲ್ಲ. ಹೋದ ವಾರ ವಾಪಸ್ ಬರುವಾಗ ಸುಸ್ತಾಗಿ ನನಗೆ ನಿದ್ದೆ ಬಂದುಬಿಡ್ತು. ಹೇಳೋರು ಇರಲಿಲ್ಲ, ಅದಕ್ಕೇ ಗೋಡೆಗೆ ತಗುಲಿತು. ಸಾರ್ ಒಂದು ಮಾತೂ ಬೈಲಿಲ್ಲ. ಇನ್ಮೇಲೆ ನಾನು ನಿದ್ದೆ ಮಾಡಲ್ಲ ಮೇಡಂ."

ಕನ್ನಡಿಯಲ್ಲಿ ಹಿಂದೆ ನೋಡಿದೆ. ಉದ್ದಣ್ಣ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಕೂತಿದ್ದ. ಅವನ ಮೇಲೆ ಕೆಂಡದಂಥ ಸಿಟ್ಟು ಬಂತು. ಅದರ ಜೊತೆಗೇ ಕರುಳು ಹಿಂಡಿತು. ಎರಡನ್ನೂ ನುಂಗಿಕೊಂಡು ವ್ಯಾನು ಹೊರಡಿಸಿದೆ. ದೊಡ್ಡ ರಸ್ತೆ ಸೇರುವ ಜಾಗದಲ್ಲಿ ಎಡಕ್ಕೆ ತಿರುಗಿಸಿದೆ.

"ಮೇಡಂ, ಮ್ಯಾಚು ಬಲಕ್ಕೆ," ಅಂದಿತು ಹಿಂದಿನಿಂದ ಯಾವುದೋ ಹುಡುಗಿಯ ದನಿ.

"ಮ್ಯಾಚು ಇಲ್ಲ. ಆಸ್ಪತ್ರೆಗೆ ಹೋಗ್ತಿದೀವಿ."

ಫೈನಲ್ ಹೋಯಿತೆಂದು ಮಕ್ಕಳು ಅಳಲಿಲ್ಲ, ಏನೋ ದೊಡ್ಡದಾಗಿದೆ ಎಂದು ಅವರಿಗೆ ಗೊತ್ತಾಗಿತ್ತು. ನಾಯಕಿ ಮಾತ್ರ ಮತ್ತೆ ಕಿಟಕಿಯ ಕಡೆ ಬಾಗಿದಳು.

"ನೀನು ನೋಡ್ಬೇಡ," ಅಂದೆ. ದನಿ ನಡುಗಿತು, ಎಲ್ಲರಿಗೂ ಕೇಳಿಸಿತು, ಕೇಳಿಸಲಿ. "ನೋಡೋದು ದೊಡ್ಡೋರ ಕೆಲಸ. ನೀನು ಒರಗಿಕೊಂಡು ಕಣ್ಣು ಮುಚ್ಚು. ನಿದ್ದೆ ಮಾಡು ಮಗಳೇ."

ಅವಳು ವಿಧೇಯಳಾಗಿ ಒರಗಿ ಕಣ್ಣು ಮುಚ್ಚಿದಳು. ಆದರೆ ಆಸ್ಪತ್ರೆ ಬರುವ ತನಕ, ಪ್ರತಿ ತಿರುವಿನಲ್ಲೂ ಅವಳ ಮೈ ಬೆಚ್ಚುತ್ತಿತ್ತು, ಕಣ್ಣು ತೆರೆದುಕೊಳ್ಳುತ್ತಿತ್ತು.